1.7 ಎಂಬ ಅಂಕಿಯನ್ನು ಓದುವ ಬಗೆ

ಕರ್ನಾಟಕದ ಒಟ್ಟು ಫಲವತ್ತತೆ ದರ 1.7 ಎಂದು ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ (2019–21) ಹೇಳಿದ್ದೇ ತಡ, ‘ನಮ್ಮ ಹೆಣ್ಣುಮಕ್ಕಳು ಎರಡು ಮಕ್ಕಳನ್ನೂ ಹೆರುತ್ತಿಲ್ಲ’ ಎಂಬ ಮಾತು ಭಾಷಣಗಳಲ್ಲಿ, ಟಿವಿ ಚರ್ಚೆಗಳಲ್ಲಿ ಶುರುವಾಯಿತು. ಇನ್ನೂ ನಿಂತಿಲ್ಲ. ಆ ಅಂಕಿ ಹೇಳುವುದು ಅದನ್ನಲ್ಲ. ಈ ತಪ್ಪು ಓದನ್ನೇ ನಂಬಿಕೊಂಡು ಹೆಣ್ಣುಮಕ್ಕಳಿಗೆ ಬುದ್ಧಿ ಹೇಳಲು ಹೊರಟವರು ಹೆಚ್ಚುತ್ತಿರುವುದರಿಂದ ಇದೊಂದನ್ನು ಬಿಡಿಸಿ ಹೇಳಲೇಬೇಕು.

ಟಿಎಫ್‌ಆರ್ ಎಂದು ನಾವು ಕರೆಯುವ ಈ ದರವನ್ನು ಯಾವ ಮಹಿಳೆಯ ಮಕ್ಕಳನ್ನೂ ಎಣಿಸಿ ತೆಗೆಯುವುದಿಲ್ಲ. 15ರಿಂದ 49 ವರ್ಷದ ಮಹಿಳೆಯರನ್ನು ಐದೈದು ವರ್ಷದ ಏಳು ಗುಂಪು ಮಾಡಿ, ಪ್ರತಿ ಗುಂಪಿನಲ್ಲಿ ಸಾವಿರ ಮಹಿಳೆಯರಿಗೆ ವರ್ಷಕ್ಕೆ ಎಷ್ಟು ಮಕ್ಕಳು ಹುಟ್ಟಿದವು ಎಂದು ನೋಡುತ್ತೇವೆ. ಲೆಕ್ಕಕ್ಕೆ ಸುಲಭವಾಗಲೆಂದು ದುಂಡು ಅಂಕಿಗಳನ್ನೇ ಹಿಡಿಯೋಣ: 40, 160, 120, 50, 20, 8, 2. ಕೂಡಿದರೆ 400. ಪ್ರತಿ ಗುಂಪಿನಲ್ಲೂ ಒಬ್ಬಾಕೆ ಐದು ವರ್ಷ ಕಳೆಯುತ್ತಾಳಾದ್ದರಿಂದ ಐದರಿಂದ ಗುಣಿಸಿ, ಸಾವಿರದಿಂದ ಭಾಗಿಸಿದರೆ 2.0. ಇಲ್ಲಿ 22ರ ಯುವತಿಯೂ 42ರ ಮಹಿಳೆಯೂ ಬೇರೆ ಬೇರೆ ಕಾಲದಲ್ಲಿ ಹುಟ್ಟಿ ಬೆಳೆದವರು. ಹಲವು ಸೀರೆಗಳ ತುಂಡು ಸೇರಿಸಿ ಕೌದಿ ಹೊಲಿದ ಹಾಗೆ, ಅವರೆಲ್ಲರ ಈ ಹೊತ್ತಿನ ತುಂಡುಗಳಿಂದ ಒಬ್ಬ ಕಲ್ಪಿತ ತಾಯಿಯನ್ನು ನಿಲ್ಲಿಸಿದ್ದೇವೆ. ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ‘ಈ ಹೊತ್ತು’ ಎಂದರೆ ಸಮೀಕ್ಷೆಗೆ ಹಿಂದಿನ ಮೂರು ವರ್ಷ.

ಜನ ಎಡವುವುದು ಇನ್ನು ಮುಂದೆ. ಪ್ರತಿಯೊಬ್ಬ ಮಹಿಳೆಯೂ ಕೊನೆಗೆ ಎರಡೇ ಮಕ್ಕಳನ್ನು ಹೆರುತ್ತಾಳೆ ಎಂದಿಟ್ಟುಕೊಳ್ಳಿ. ಆದರೆ ಓದು, ಕೆಲಸ, ತಡವಾದ ಮದುವೆಯಿಂದಾಗಿ ಹೆರಿಗೆಯ ಸರಾಸರಿ ವಯಸ್ಸು ಹತ್ತು ವರ್ಷದಲ್ಲಿ ಒಂದು ವರ್ಷದಷ್ಟು, ಅಂದರೆ ವರ್ಷಕ್ಕೆ 0.1ರಂತೆ ಮೇಲೇರುತ್ತಿದೆ. ಆಗ ಟಿಎಫ್‌ಆರ್ 2ನ್ನು 0.9ರಿಂದ ಗುಣಿಸಿದಷ್ಟು, ಅಂದರೆ 1.8 ಎಂದು ತೋರುತ್ತದೆ. ಯಾವ ಮನೆಯಲ್ಲೂ ಒಂದು ಮಗುವೂ ಕಡಿಮೆಯಾಗಿಲ್ಲ. ಈ ವರ್ಷ ಹುಟ್ಟಬೇಕಿದ್ದ ಕೆಲವು ಕೂಸುಗಳು ಮುಂದಿನ ವರ್ಷಗಳಿಗೆ ಸರಿದಿವೆ, ಅಷ್ಟೆ. ವಯಸ್ಸು ಹೀಗೆ ಏರುತ್ತಿರುವಷ್ಟು ಕಾಲವೂ ಅಂಕಿ ತಗ್ಗಿಯೇ ಇರುತ್ತದೆ. ಏರುವುದು ನಿಂತರೆ ಮತ್ತೆ ಎರಡಕ್ಕೆ ಬರುತ್ತದೆ. ಜನಸಂಖ್ಯಾಶಾಸ್ತ್ರಜ್ಞರಾದ ಜಾನ್ ಬೊಂಗಾರ್ಟ್ಸ್ ಮತ್ತು ಗ್ರಿಫಿತ್ ಫೀನಿ 1998ರಲ್ಲಿ ಕೊಟ್ಟ ತಿದ್ದುಪಡಿ ಇದನ್ನೇ ತಿರುಗಿಸಿ ಹಾಕುತ್ತದೆ: ಕಂಡ ದರವನ್ನು, ಒಂದರಿಂದ ವಯಸ್ಸಿನ ವಾರ್ಷಿಕ ಏರಿಕೆ ಕಳೆದು ಉಳಿದದ್ದರಿಂದ ಭಾಗಿಸಬೇಕು.

ಬ್ರೆಜಿಲ್‌ಗೆ ಹಚ್ಚಿ ನೋಡಿ. ಅಲ್ಲಿ 1960ರಲ್ಲಿ 6.28 ಇದ್ದ ದರ 2010ರಲ್ಲಿ 1.90, 2022ರ ಜನಗಣತಿಯಲ್ಲಿ 1.55. ಹೆರಿಗೆಯ ಸರಾಸರಿ ವಯಸ್ಸು 2010ರಲ್ಲಿ 26.8, 2022ರಲ್ಲಿ 28.1. ಹನ್ನೆರಡು ವರ್ಷಕ್ಕೆ 1.3, ವರ್ಷಕ್ಕೆ ಸುಮಾರು 0.11. 1.55ನ್ನು 0.89ರಿಂದ ಭಾಗಿಸಿದರೆ 1.74. ನಿಜಕ್ಕೆ ಈ ಲೆಕ್ಕವನ್ನು ಮೊದಲ ಮಗು, ಎರಡನೆಯದು, ಮೂರನೆಯದು ಎಂದು ಬೇರೆ ಬೇರೆಯಾಗಿ ಮಾಡಿ ಕೂಡಬೇಕು. ಮೂರನೆಯ, ನಾಲ್ಕನೆಯ ಹೆರಿಗೆಗಳು ಕಡಿಮೆಯಾದರೆ ಸರಾಸರಿ ವಯಸ್ಸು ತಾನಾಗಿಯೇ ಇಳಿದು, ಮುಂದೂಡಿಕೆ ಮುಚ್ಚಿಹೋಗುತ್ತದೆ. ಹಾಗಾಗಿ 1.74 ಒಂದು ಅಂದಾಜು. ಅದೇ ಜನಗಣತಿಯಲ್ಲಿ 50ರಿಂದ 59 ವರ್ಷದ ಮಹಿಳೆಯರು, ಹೆರುವ ವಯಸ್ಸು ದಾಟಿದವರು, ಹೆತ್ತಿದ್ದು ಸರಾಸರಿ 2.2. ಒಂದೇ ದೇಶ, ಒಂದೇ ಗಣತಿ, ಎರಡು ಉತ್ತರ. ಎರಡೂ ಸರಿ, ಪ್ರಶ್ನೆಗಳು ಬೇರೆ.

ಹಾಗೆಂದು ಇಳಿಕೆಯೇ ಸುಳ್ಳು ಎಂದುಕೊಳ್ಳಬೇಡಿ. ಒಂದು ತಲೆಮಾರಿನ ಜಾಗವನ್ನು ಮುಂದಿನ ತಲೆಮಾರು ತುಂಬಲು ಬೇಕಾದ ದರ ಸುಮಾರು 2.1; 1.74 ಕೂಡ ಅದಕ್ಕಿಂತ ಕೆಳಗೇ ಇದೆ. ಮುಂದೂಡಿದ ಮಗು ಬಂದೇ ಬರುತ್ತದೆ ಎಂಬ ಖಾತರಿಯೂ ಇಲ್ಲ. 36–38ಕ್ಕೆ ಸರಿದ ಎರಡನೆಯ ಮಗು ಎಷ್ಟೋ ಸಲ ಬರುವುದೇ ಇಲ್ಲ. ಬ್ರೆಜಿಲ್‌ನಲ್ಲಿ 50–59ರ ಮಹಿಳೆಯರ ಪೈಕಿ ಮಕ್ಕಳೇ ಇಲ್ಲದವರು 2000ದಲ್ಲಿ ಶೇ 10 ಇದ್ದದ್ದು 2022ರಲ್ಲಿ ಶೇ 16 ದಾಟಿದೆ.

ನಮ್ಮಲ್ಲಿ ಕಥೆಯ ಕ್ರಮವೇ ಬೇರೆ. ಯುರೋಪಿನಲ್ಲಿ ಈಚಿನ ಇಳಿಕೆ ಬಹುಪಾಲು ಮೊದಲ ಹೆರಿಗೆ ತಡವಾಗಿದ್ದರಿಂದ ಬಂತು. ಕರ್ನಾಟಕ, ಆಂಧ್ರದಲ್ಲಿ ಬೇಗ ನಿಲ್ಲಿಸಿದ್ದರಿಂದ ಬಂತು: ಇಪ್ಪತ್ತರ ಆಸುಪಾಸಿನಲ್ಲಿ ಮದುವೆ, ಬೆನ್ನಿಗೆ ಎರಡು ಹೆರಿಗೆ, ಆಮೇಲೆ ‘ಆಪರೇಷನ್’. ಐದನೇ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ಶೇ 57.4 ಮಂದಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿತ್ತು. ದೊಡ್ಡ ಮಟ್ಟದ ಮುಂದೂಡಿಕೆ ನಮ್ಮಲ್ಲಿ ಇನ್ನೂ ಆಗಬೇಕಷ್ಟೆ. ಈಗ ಡಿಗ್ರಿ ಮುಗಿಸಿ ಕೆಲಸಕ್ಕೆ ಸೇರುತ್ತಿರುವ ಹುಡುಗಿಯರು 28ಕ್ಕೆ ಮೊದಲ ಮಗು ಪಡೆಯತೊಡಗಿದಾಗ 1.7 ಇನ್ನಷ್ಟು ಕುಸಿದೀತು, ಅವರು ಕೊನೆಗೆ ಅಷ್ಟೇ ಮಕ್ಕಳನ್ನು ಹೆತ್ತರೂ. ಆಗ ಏಳುವ ಗದ್ದಲವನ್ನು ನೆನೆದರೆ ಆ ಹುಡುಗಿಯರ ಬಗ್ಗೆ ಕಳವಳವಾಗುತ್ತದೆ.

ದರ 2.1ಕ್ಕಿಂತ ಇಳಿದ ಮಾತ್ರಕ್ಕೆ ಜನಸಂಖ್ಯೆ ಕುಗ್ಗುವುದೂ ಇಲ್ಲ. ಥಾಯ್ಲೆಂಡ್ 1990ರ ದಶಕದ ಆರಂಭದಲ್ಲೇ ಆ ಗೆರೆ ದಾಟಿತು. ಅಲ್ಲಿ ಸಾವು ಹುಟ್ಟನ್ನು ಮೀರಿದ್ದು 2021ರಲ್ಲಿ. ಹಿಂದೆ ಹೆಚ್ಚಾಗಿ ಹುಟ್ಟಿದವರೇ ತಾಯಂದಿರಾಗಲು ಸಾಲಿನಲ್ಲಿರುತ್ತಾರೆ.

ಇನ್ನು ಜಿಲ್ಲಾವಾರು ‘ಜನನ ದರ’ದ, ಅಂದರೆ ಸಾವಿರ ಜನಕ್ಕೆ ವರ್ಷಕ್ಕೆ ಎಷ್ಟು ಮಕ್ಕಳು ಹುಟ್ಟಿದವು ಎಂಬುದರ, ಸುದ್ದಿಗಳು. ನಮ್ಮಲ್ಲಿ ಜನನ ನೋಂದಣಿಯಾಗುವುದು ಹೆರಿಗೆ ಆದ ಊರಿನಲ್ಲಿ. ಕಾಸರಗೋಡಿನವರು ಮಂಗಳೂರಿನ ಆಸ್ಪತ್ರೆಗೆ ಬರುತ್ತಾರೆ, ಮೊದಲ ಹೆರಿಗೆಗೆ ಮಗಳು ತವರಿಗೆ ಹೋಗುತ್ತಾಳೆ. ಭಾಗಿಸಲು ಬಳಸುವ ಜನಸಂಖ್ಯೆಯೋ 2011ರ ಗಣತಿಯಿಂದ ಅಂದಾಜು ಹಾಕಿದ್ದು. ಇಂಥ ದರ ಹಿಡಿದು ತಾಲ್ಲೂಕುಗಳನ್ನು ಹೋಲಿಸಲಾಗದು. ಅಂಗನವಾಡಿ, ಒಂದನೇ ತರಗತಿಯ ಯೋಜನೆಗೆ ದರವೇ ಬೇಡ. ತಾಯಿ ವಾಸವಿರುವ ಊರಿನ ಪ್ರಕಾರ ಹುಟ್ಟಿದ ಮಕ್ಕಳ ಸಂಖ್ಯೆ ಸಾಕು.

ಆ ಮಾಹಿತಿ ಜನನ ವರದಿಯ ನಮೂನೆ 1ರ ಅಂಕಿಅಂಶ ಭಾಗದಲ್ಲೇ ಇದೆ: ತಾಯಿಯ ವಾಸದ ಊರು, ಮದುವೆಯಾದಾಗಿನ ವಯಸ್ಸು, ಈ ಹೆರಿಗೆಯ ಹೊತ್ತಿನ ವಯಸ್ಸು, ಈ ಮಗುವೂ ಸೇರಿ ಜೀವಂತ ಹುಟ್ಟಿದ ಮಕ್ಕಳೆಷ್ಟು. ಮುಂದೂಡಿಕೆಯ ಲೆಕ್ಕಕ್ಕೆ ಬೇಕಾದದ್ದು ಇವೇ. ಪ್ರಮಾಣಪತ್ರದಲ್ಲಿ ಇವು ಬರುವುದಿಲ್ಲವೆಂದು ಅವಸರದಲ್ಲಿ ಅಂದಾಜಿನ ವಯಸ್ಸು, ಆಸ್ಪತ್ರೆಯ ಊರು ಗೀಚಿ ಕೊಡುವುದುಂಟು. ನಮೂನೆ ತುಂಬುವಾಗ ತಾಯಿಯನ್ನೇ ಕೇಳಿ, ಅವಳ ಆಧಾರ್ ಕಾರ್ಡಿನ ಹುಟ್ಟಿದ ದಿನಾಂಕದಿಂದ ವಯಸ್ಸು ಲೆಕ್ಕ ಹಾಕಿ, ವಾಸದ ಊರಿನ ಕಾಲಂನಲ್ಲಿ ತವರೂರಿನ ಬದಲು ಅವಳು ಸಂಸಾರ ನಡೆಸುವ ಊರನ್ನು ಬರೆಯಿರಿ.