ಸಣ್ಣ ಭಾಷೆಯ ಚಾನೆಲ್ ರಿಮೋಟಲ್ಲಿ ಎಷ್ಟನೇ ನಂಬರ್?

ಅಲ್ಪಸಂಖ್ಯಾತ ಭಾಷೆಗಳ ಮೀಡಿಯಾ ಪ್ರಾಜೆಕ್ಟ್‌ಗಳಿಗೆ ಸಲಹೆ ಕೊಡೋದು ನನ್ನ ಕೆಲಸ, ಯಾರೇ ಬಂದ್ರೂ ಮೊದಲು ಕೇಳೋದು ಅನುದಾನ ಎಷ್ಟು ಸಿಗತ್ತೆ ಅಂತ. ನಾನು ಕೇಳೋದು ಬೇರೆ: ಕಾರ್ಯಕ್ರಮ ಎಷ್ಟು ಗಂಟೆಗೆ ಬರತ್ತೆ, ಎಲ್ಲಿ ಬರತ್ತೆ? ಜನ ಮಲಗಿದ ಮೇಲೆ ಹಾಕೋದಾದ್ರೆ ಎಷ್ಟು ದುಡ್ಡು ಸುರಿದ್ರೂ ಹೊಳೇಲಿ ಹುಣಸೆಹಣ್ಣು ಕಿವುಚಿದಂಗೆ.

ಬ್ರಿಟನ್ನಿನ ವೇಲ್ಸ್ ನೋಡಿ. ಮುಂಚೆ ಅಲ್ಲಿ ಸ್ಥಳೀಯ ಭಾಷೆ ವೆಲ್ಷ್‌ನ ಕಾರ್ಯಕ್ರಮಗಳು ಬಿಬಿಸಿ, ಎಚ್‌ಟಿವಿ ಚಾನೆಲ್‌ಗಳಲ್ಲಿ ಚೂರುಚೂರಾಗಿ ಬರ್ತಿದ್ವು, ಇಂಗ್ಲಿಷ್ ನೋಡೋರಿಗೆ ನಮ್ಮ ಪ್ರೋಗ್ರಾಂ ಜಾಗ ಕಿತ್ಕೊಂಡ್ರು ಅಂತ ಸಿಟ್ಟು, ವೆಲ್ಷ್ ನೋಡೋರಿಗೆ ಒಳ್ಳೆ ಟೈಮೇ ಕೊಡಲ್ಲ ಅಂತ ಸಿಟ್ಟು. ಪ್ರತ್ಯೇಕ ಚಾನೆಲ್ ಕೊಡ್ತೀವಿ ಅಂದಿದ್ದ ಥ್ಯಾಚರ್ ಸರ್ಕಾರ ಮಾತಿಗೆ ತಪ್ಪಿತು, 1980ರಲ್ಲಿ ವೇಲ್ಸ್‌ನ ರಾಜಕಾರಣಿ ಗ್ವಿನ್‌ಫರ್ ಎವನ್ಸ್ ಸಾಯೋ ತನಕ ಉಪವಾಸ ಕೂರ್ತೀನಿ ಅಂದ್ಮೇಲೇನೇ ದಾರಿಗೆ ಬಂದಿದ್ದು. 1982ರ ನವೆಂಬರ್ 1ಕ್ಕೆ ಎಸ್‌ಫೋರ್‌ಸಿ ಅನ್ನೋ ಆ ಚಾನೆಲ್ ಶುರುವಾದಾಗ ಪ್ರೈಮ್ ಟೈಮ್ ವೆಲ್ಷ್‌ಗೇ ಸಿಕ್ತು, ಇಂಗ್ಲಿಷ್ ಪ್ರೋಗ್ರಾಂಗಳು ಆಚೀಚೆ ಸರಿದ್ವು.

ಕೆನಡಾದ ಮೂಲನಿವಾಸಿಗಳ ಚಾನೆಲ್ ಎಪಿಟಿಎನ್ 1999ರಲ್ಲಿ ಬಂದಾಗ ಅಲ್ಲಿನ ನಿಯಂತ್ರಕರು ಇನ್ನೂ ಜಾಣರಾದ್ರು. ಬೇಸಿಕ್ ಕೇಬಲ್ ಪ್ಯಾಕೇಜಲ್ಲಿ ಅದು ಇರಲೇಬೇಕು ಅಂತ ರೂಲ್ ಮಾಡಿ ಒಬ್ಬೊಬ್ಬ ಗ್ರಾಹಕನಿಂದ ತಿಂಗಳಿಗೆ 15 ಸೆಂಟ್ ಹೋಗೋ ಹಾಗೆ ಮಾಡಿದ್ರು. ಬೇಕಾದೋರು ಆರಿಸ್ಕೊಳ್ಳಲಿ ಅಂತ ಬಿಟ್ಟಿದ್ರೆ ಚಾನೆಲ್ ಇದೆ ಅಂತಾನೇ ಎಷ್ಟೋ ಮನೆಗೆ ಗೊತ್ತಾಗ್ತಿರ್ಲಿಲ್ಲ. ಈಗ ಸ್ಮಾರ್ಟ್ ಟಿವಿ ಕಾಲ, ಹೋಮ್ ಸ್ಕ್ರೀನಲ್ಲಿ ಯಾವ ಆ್ಯಪ್ ಮುಂದೆ ಅನ್ನೋದೇ ಜಗಳ, ಬ್ರಿಟನ್ 2024ರ ಮೀಡಿಯಾ ಕಾಯ್ದೆಯಲ್ಲಿ ಸಾರ್ವಜನಿಕ ಸೇವೆಯ ಆ್ಯಪ್‌ಗಳು ಕಣ್ಣಿಗೆ ಬೀಳೋ ಜಾಗದಲ್ಲಿ ಇರಬೇಕು ಅಂದಿದೆ. ಕೌನ್ಸಿಲ್ ಆಫ್ ಯೂರೋಪಿನ 1992ರ ಅಲ್ಪಸಂಖ್ಯಾತ ಭಾಷೆಗಳ ಒಪ್ಪಂದದಲ್ಲೂ ಮೀಡಿಯಾಗೆ 11ನೇ ಕಲಂ ಇದೆ, ಆದ್ರೆ ಯಾವ ಬಾಧ್ಯತೆ ಒಪ್ಕೋಬೇಕು ಅನ್ನೋದನ್ನ ದೇಶಗಳೇ ಆರಿಸ್ಕೋಬಹುದು, ಹಾಗಾಗಿ ಹಗುರವಾದದ್ದನ್ನ ಎತ್ಕೊಳ್ಳೋರೂ ಇದಾರೆ.

ಇನ್ನು ಸುದ್ದಿ. ದೊಡ್ಡ ಭಾಷೆಯ ಡೆಸ್ಕಿಂದ ಸ್ಕ್ರಿಪ್ಟ್ ಬರತ್ತೆ, ಇಬ್ಬರೋ ಮೂವರೋ ಕೂತು ಅದನ್ನ ತಮ್ಮ ಭಾಷೆಗೆ ಇಳಿಸ್ತಾರೆ, ವಿಷುವಲ್ ಅದೇ, ಬೈಟ್, ಅಂದ್ರೆ ಜನ ಮಾತಾಡಿದ ತುಣುಕು, ಕೂಡ ದೊಡ್ಡ ಭಾಷೇಲೇ, ಮೇಲೊಂದು ವಾಯ್ಸ್ ಓವರ್, ಬುಲೆಟಿನ್ ರೆಡಿ. ಈ ಭಾಷೆಯೋರಲ್ಲಿ ಬಹುಪಾಲು ಜನಕ್ಕೆ ಎರಡೂ ಭಾಷೆ ಬರತ್ತೆ, ಅವರು ಅದೇ ಸುದ್ದೀನ ಆಗಲೇ ನೋಡಿ ಮುಗಿಸಿರ್ತಾರೆ, ಮತ್ಯಾಕೆ ನೋಡ್ತಾರೆ? ಆಮೇಲೆ ಟಿಆರ್‌ಪಿ ಇಲ್ಲ ಅಂತ ಕತ್ತರಿ. ಆ ಟಿಆರ್‌ಪಿ ಅಳೆಯೋ ಸ್ಯಾಂಪಲ್ ಮನೆಗಳಲ್ಲಿ ಈ ಭಾಷೆಯ ಮನೆ ಬೆರಳೆಣಿಕೆಯಷ್ಟು ಇದ್ರೆ ಹೆಚ್ಚು, ನಾಲ್ಕು ಮನೆಯೋರು ರಜಕ್ಕೆ ಹೋದ್ರೂ ಗ್ರಾಫ್ ಮಲಗತ್ತೆ. ಇದನ್ನ ನಂಬಿ ಬಜೆಟ್ ಮಾಡೋದು ನನ್ನ ಪ್ರಕಾರ ಶುದ್ಧ ತಮಾಷೆ.

ಬಹಳಷ್ಟು ಅನುದಾನ ಒಂದೊಂದು ಕಾರ್ಯಕ್ರಮಕ್ಕೆ ಅಂತ ಇರತ್ತೆ, ಹಾಗಾಗಿ ಅರ್ಜಿಯಲ್ಲಿ ಕ್ಯಾಮೆರಾ ಬಾಡಿಗೆ ಇರತ್ತೆ, ಡ್ರೋನ್ ಇರತ್ತೆ, ವರದಿಗಾರರ ಸಂಬಳದ ಸಾಲು ಮಾತ್ರ ಇರಲ್ಲ. ಒಂದು ಡಾಕ್ಯುಮೆಂಟರಿ ಬರತ್ತೆ, ಚಪ್ಪಾಳೆ ಬೀಳತ್ತೆ, ಟೀಮ್ ಚದುರಿ ದೊಡ್ಡ ಚಾನೆಲ್ ಸೇರ್ಕೊಳ್ಳತ್ತೆ. ಅದರ ಬದಲು ಮೈಕ್ ಹಿಡ್ಕೊಂಡು ಪಂಚಾಯ್ತಿ ಮೀಟಿಂಗಿಗೆ, ಕೋರ್ಟಿಗೆ ಹೋಗಿ ತಮ್ಮ ಭಾಷೇಲೇ ಪ್ರಶ್ನೆ ಕೇಳೋ ಇಬ್ಬರಿಗೆ ಐದು ವರ್ಷ ಸಂಬಳ ಕೊಟ್ಟು ನೋಡಿ, ಬೇರೆಲ್ಲೂ ಸಿಗದ ಸುದ್ದಿ ಅಲ್ಲಿ ಸಿಗತ್ತೆ.

ಡಬ್ಬಿಂಗ್ ದಂಡ ಅನ್ನೋರಿದಾರೆ, ಪೂರ್ತಿ ಒಪ್ಪಲ್ಲ. ದೊಡ್ಡೋರ ಸೀರಿಯಲ್‌ಗೆ ಹೌದು, ಆದ್ರೆ ಇನ್ನೂ ಎರಡನೇ ಭಾಷೆ ಕಲಿಯದ ಮೂರು ವರ್ಷದ ಮಗುಗೆ ಡಬ್ ಆಗಿರೋ ಕಾರ್ಟೂನ್ ಹೊಸದೇ ಅಲ್ವಾ? ಖರ್ಚೂ ಕಮ್ಮಿ. ಕೈಯಲ್ಲಿ ದುಡ್ಡು ಸ್ವಲ್ಪಾನೇ ಇದ್ರೆ ಆ ಇಬ್ಬರ ಸಂಬಳ ತೆಗೆದಿಟ್ಟು ಉಳಿದಿದ್ದನ್ನ ಕಾರ್ಟೂನಿಗೆ ಹಾಕಿ ಅಂತೀನಿ.