ಟಿವಿ ಕೈಬಿಟ್ಟರೂ ಕಂಬಿ ಬಿಡದ ಸ್ಕೇಟಿಂಗ್

ಇನ್‌ಲೈನ್ ಸ್ಕೇಟ್ ಎಂದರೆ ಬೂಟಿನಡಿ ಒಂದೇ ಸಾಲಿನಲ್ಲಿ ನಾಲ್ಕು ಗಾಲಿ. ಆದರೆ ಅಗ್ರೆಸಿವ್ ಇನ್‌ಲೈನ್ ಆಡುವವರ ಸ್ಕೇಟನ್ನು ಮಗುಚಿ ನೋಡಿದರೆ ಏನೋ ಎಡವಟ್ಟಾಗಿದೆ ಅನಿಸುತ್ತದೆ. ಮಧ್ಯದ ಎರಡು ಗಾಲಿ ಇದ್ದರೂ ಪುಟ್ಟವು, ನೆಲ ಮುಟ್ಟುವುದೇ ಇಲ್ಲ. ಕೆಲವರು ಅವನ್ನೂ ಕಿತ್ತಿರುತ್ತಾರೆ. ಆ ಜಾಗದಲ್ಲಿ ಪ್ಲಾಸ್ಟಿಕ್ಕಿನ ಒಂದು ತೋಡು. ಹಳೇ ಜೋಡಿಯಾದರೆ ತೋಡು ಸವೆದು ನುಣುಪಾಗಿ, ಮೇಣ ಮತ್ತು ಧೂಳು ಮೆತ್ತಿ ಕಪ್ಪಾಗಿರುತ್ತದೆ. ಹಿಮ್ಮಡಿಯ ಹಿಂದೆ ಬ್ರೇಕ್ ಇಲ್ಲ. ಅಂಗಾಲಿನ ಹೊರ ಅಂಚಿನಲ್ಲಿ ಒಂದು ಅಗಲವಾದ ಪಟ್ಟಿ, ಅದಕ್ಕೆ ಸೋಲ್ ಪ್ಲೇಟ್ ಎನ್ನುತ್ತಾರೆ.

ಇದೆಲ್ಲ ಓಡುವುದಕ್ಕಲ್ಲ, ಜಾರುವುದಕ್ಕೆ. ಮೆಟ್ಟಿಲ ಪಕ್ಕದ ಕಬ್ಬಿಣದ ಕಂಬಿಯ ಮೇಲೆ ಹಾರಿ ಕೂತು, ಮುಂದಿನ ಕಾಲಿನ ತೋಡನ್ನು ಕಂಬಿಗೆ ಅಡ್ಡಲಾಗಿ ಸಿಕ್ಕಿಸಿ, ಹಿಂದಿನ ಕಾಲಿನ ಸೋಲ್ ಪ್ಲೇಟನ್ನು ಕಂಬಿಯ ಉದ್ದಕ್ಕೆ ಒತ್ತಿ ಜಾರಿದರೆ ಅದು ಸೋಲ್ ಗ್ರೈಂಡ್. ಮುಂದಿನ ಕಾಲನ್ನು ಎತ್ತಿ ಒಂಟಿಗಾಲಲ್ಲಿ ಹೋದರೆ ಮಕಿಯೊ. ಎರಡೂ ಕಾಲಿನ ತೋಡನ್ನೇ ಕಂಬಿಗೆ ಕೂರಿಸಿದರೆ ಫ್ರಂಟ್‌ಸೈಡ್. ಕುಸ್ತಿಯ ಪಟ್ಟುಗಳ ಹಾಗೆ ಇಂಥ ಹೆಸರುಗಳ ದೊಡ್ಡ ಪಟ್ಟಿಯೇ ಇದೆ, ಮತ್ತು ಯಾವುದೇ ಪಟ್ಟು ತಪ್ಪಿದರೂ ಮೊದಲು ಪೆಟ್ಟು ತಿನ್ನುವುದು ಮೊಣಕಾಲಿನ ಕೆಳಗಿನ ಎಲುಬು.

ಒಂದೇ ಸಾಲಿನ ಗಾಲಿ ಹೊಸದೇನಲ್ಲ. ಪ್ಯಾರಿಸ್ಸಿನಲ್ಲಿ 1819ರಲ್ಲೇ ಅಂಥ ಸ್ಕೇಟಿಗೆ ಪೇಟೆಂಟ್ ಸಿಕ್ಕಿತ್ತು. ನಮ್ಮ ಶಾಲೆಗಳ ಸ್ಕೇಟಿಂಗ್ ಕ್ಲಾಸಿನಲ್ಲಿ ಕಾಣುವ ಮುಂದೆರಡು ಹಿಂದೆರಡು ಗಾಲಿಯ ಸ್ಕೇಟ್ ಬಂದದ್ದು ಆಮೇಲೆ, 1863ರಲ್ಲಿ, ಜೇಮ್ಸ್ ಪ್ಲಿಂಪ್ಟನ್ ಎಂಬ ಅಮೆರಿಕನ್ನನಿಂದ. ತಿರುಗಲು ಅದೇ ಸುಲಭವಾದ್ದರಿಂದ ಸಾಲುಗಾಲಿ ನೂರು ವರ್ಷಕ್ಕೂ ಹೆಚ್ಚು ಕಾಲ ಮೂಲೆ ಸೇರಿತು. ಅದನ್ನು ಮೂಲೆಯಿಂದ ಎತ್ತಿದವನು ಮಿನಿಯಾಪೊಲಿಸ್‌ನ ಸ್ಕಾಟ್ ಓಲ್ಸನ್ ಎಂಬ ಐಸ್ ಹಾಕಿ ಆಟಗಾರ. ಬೇಸಿಗೆಯಲ್ಲಿ ಮಂಜು ಕರಗಿದಾಗಲೂ ಅಭ್ಯಾಸ ನಿಲ್ಲಬಾರದಲ್ಲ, ಅದಕ್ಕೆ. 1980ರ ಹೊತ್ತಿಗೆ ಅಣ್ಣತಮ್ಮ ಸೇರಿ ಶುರು ಮಾಡಿದ ಆ ವ್ಯಾಪಾರವೇ ರೋಲರ್‌ಬ್ಲೇಡ್ ಕಂಪನಿ. 1990ರ ದಶಕದ ನಡುವೆ ಅಮೆರಿಕದಲ್ಲಿ ಇನ್‌ಲೈನ್ ಸ್ಕೇಟ್ ಮಾಡುವವರು 2 ಕೋಟಿ ದಾಟಿದ್ದರು. ಪಾರ್ಕಿನಲ್ಲಿ ವ್ಯಾಯಾಮಕ್ಕೆಂದು ಸ್ಕೇಟ್ ಕಟ್ಟಿದ ಗಂಡ ಹೆಂಡತಿ, ಮಕ್ಕಳು, ಎಲ್ಲರೂ ಆ ಲೆಕ್ಕದಲ್ಲಿದ್ದರು.

ಕಂಬಿ ಹತ್ತಿದವರು ಬೇರೆ ಜಾತಿಯವರು. ಕ್ಯಾಲಿಫೋರ್ನಿಯಾದ ಕ್ರಿಸ್ ಎಡ್ವರ್ಡ್ಸ್ ಅವರಲ್ಲಿ ಮೊದಲಿಗರ ಪೈಕಿ. ಸ್ಕೇಟ್‌ಬೋರ್ಡಿಗೆಂದು ಕಟ್ಟಿದ ರ್‍ಯಾಂಪಿನಲ್ಲಿ ಸ್ಕೇಟ್ ಹಾಕಿಕೊಂಡೇ ಹಾರಿದ. ಆಗ ಅಂಗಡಿಯಲ್ಲಿ ಸಿಗುತ್ತಿದ್ದದ್ದು ಓಡುವ ಸ್ಕೇಟು, ಅದರಲ್ಲಿ ಕಂಬಿ ಜಾರಿದರೆ ಗಾಲಿಗಳೇ ಸಿಕ್ಕಿಹಾಕಿಕೊಳ್ಳುತ್ತಿದ್ದವು. ಹುಡುಗರು ಬ್ರೇಕ್ ಬಿಚ್ಚಿ ಎಸೆದರು, ಫ್ರೇಮ್ ಕೊರೆದರು, ಲೋಹದ ತಗಡು ಬಿಗಿದರು. ಕಂಪನಿಗಳು ಅದನ್ನು ನೋಡಿ ಕಲಿತವು. ಇಟಲಿಯ ರೋಸಸ್ ಕಂಪನಿಯ ಮೆಜೆಸ್ಟಿಕ್ 12, ಆಡುವವರ ಬಾಯಲ್ಲಿ ಎಂ12, ಆ ಕಾಲದಲ್ಲಿ ಎಲ್ಲರ ಕಾಲಲ್ಲೂ ಇದ್ದ ಬೂಟು. ಈಗಲೂ ಮಾರಾಟಕ್ಕಿದೆ, ಈಗಲೂ ಭಾರವೇ.

ಈ ಪಟ್ಟುಗಳು ಊರಿಂದ ಊರಿಗೆ ಹರಡಿದ್ದು ವಿಎಚ್‌ಎಸ್ ಕ್ಯಾಸೆಟ್ಟಿನಲ್ಲಿ. ಕೋಚ್ ಇಲ್ಲ, ಪಠ್ಯ ಇಲ್ಲ. ‘ದ ಹೋಕ್ಸ್’, ‘ವಿಡಿಯೊಗ್ರೂವ್’ ಸರಣಿಯಂಥ ಟೇಪುಗಳು ಸ್ಕೇಟ್ ಅಂಗಡಿಗೋ ಅಂಚೆಯಲ್ಲೋ ಬರುತ್ತಿದ್ದವು. ಒಂದು ಪಟ್ಟನ್ನು ರಿವೈಂಡ್ ಮಾಡಿ ಮಾಡಿ ಟೇಪು ಸವೆಸಿ, ಸಂಜೆ ಹೋಗಿ ಬ್ಯಾಂಕಿನ ಮುಂದಿನ ಮೆಟ್ಟಿಲಲ್ಲಿ ಪ್ರಯೋಗ. ಕಾವಲುಗಾರ ಓಡಿಸಿದರೆ ಮುಂದಿನ ಬ್ಯಾಂಕು.

ಅಷ್ಟರಲ್ಲಿ ಟಿವಿ ಬಂತು. 1995ರಲ್ಲಿ ಇಎಸ್‌ಪಿಎನ್ ವಾಹಿನಿ ರೋಡ್ ಐಲೆಂಡಿನಲ್ಲಿ ಎಕ್ಸ್‌ಟ್ರೀಮ್ ಗೇಮ್ಸ್ ನಡೆಸಿತು. ಮರುವರ್ಷ ಅದರ ಹೆಸರು ಎಕ್ಸ್ ಗೇಮ್ಸ್ ಆಯಿತು. ಸ್ಕೇಟ್‌ಬೋರ್ಡ್, ಬಿಎಂಎಕ್ಸ್ ಸೈಕಲ್ಲಿನ ಜೊತೆ ಇನ್‌ಲೈನಿಗೂ ಸರಿಸಮ ಜಾಗ. ವರ್ಟ್ ಎಂಬುದೊಂದು ವಿಭಾಗ: ಯು ಆಕಾರದ ದೈತ್ಯ ರ್‍ಯಾಂಪಿನಿಂದ ಮೇಲಕ್ಕೆ ಚಿಮ್ಮಿ ಗಾಳಿಯಲ್ಲಿ ಸುತ್ತುವುದು. ಸ್ಟ್ರೀಟ್ ಇನ್ನೊಂದು: ಕಂಬಿ, ಮೆಟ್ಟಿಲು, ಕಟ್ಟೆ. ವರ್ಟಿನಲ್ಲಿ ಜಪಾನಿನ ಅಣ್ಣತಮ್ಮ ಐಟೊ ಮತ್ತು ತಕೇಶಿ ಯಸುತೊಕೊ ಎದುರಿಗೆ ನಿಲ್ಲುವವರೇ ಕಡಿಮೆ. 1999ರಿಂದ 2004ರವರೆಗಿನ ಆರು ಚಿನ್ನಗಳಲ್ಲಿ ಐದು ಅವರ ಮನೆ ಸೇರಿದವು. ನಡುವೆ 2001ರಲ್ಲಿ ಮಾತ್ರ ಅಲ್ಜೀರಿಯಾದಲ್ಲಿ ಹುಟ್ಟಿದ ಫ್ರೆಂಚ್ ಆಟಗಾರ ತೈಗ್ ಕ್ರಿಸ್ ಒಂದನ್ನು ಕಸಿದುಕೊಂಡ.

ನನ್ನನ್ನು ಕೇಳಿದರೆ ಆ ಕಾಲದ ದೊಡ್ಡ ಹೆಸರು ಇವರ್‍ಯಾರದೂ ಅಲ್ಲ, ಬ್ರೆಜಿಲ್‌ನ ಫಬಿಯೋಲಾ ಡ ಸಿಲ್ವಾಳದು. ಹೆಂಗಸರ ವರ್ಟಿನಲ್ಲಿ ಆಕೆಗೆ ಸಾಟಿಯೇ ಇರಲಿಲ್ಲ. ಕೊನೆಗೆ ಹೆಂಗಸರು ಗಂಡಸರ ವಿಭಾಗದಲ್ಲೇ ಸ್ಪರ್ಧಿಸಬಹುದು ಎಂದು ನಿಯಮ ತಿದ್ದಬೇಕಾಯಿತು. ಅದಕ್ಕೆ ‘ಫಬಿಯೋಲಾ ನಿಯಮ’ ಎಂದೇ ಹೆಸರು ಬಿತ್ತು. 2005ರಲ್ಲಿ ವರ್ಟ್ ರ್‍ಯಾಂಪಿನಲ್ಲಿ ಹಿಮ್ಮುಖವಾಗಿ ಎರಡು ಪಲ್ಟಿ ಹೊಡೆದು ಇಳಿದ ಮೊದಲ ಹೆಣ್ಣು ಆಕೆ. ಇದೇ ಆಟದ ಮತ್ತೊಂದು ಮುಖ ಸೆನೆಟ್ ಎಂಬ ಬಟ್ಟೆ ಮತ್ತು ಗಾಲಿಯ ಕಂಪನಿ. ತಾರಾ ಆಟಗಾರ ಆರ್ಲೊ ಐಸೆನ್‌ಬರ್ಗ್ ಮತ್ತು ಗೆಳೆಯರು ಕಟ್ಟಿದ್ದು. ಅವರ ಬಟ್ಟೆಯ ಒಳಚೀಟಿಯಲ್ಲಿ ‘ಎಲ್ಲ ಹುಡುಗಿಯರನ್ನೂ ನಾಶಮಾಡಿ’ ಎಂಬರ್ಥದ ಸಾಲು ಅಚ್ಚಾಗಿ ದೊಡ್ಡ ಗಲಾಟೆಯಾಯಿತು. ತಮಾಷೆಗೆ ಎಂದರಂತೆ. ಹುಡುಗಿಯೊಬ್ಬಳು ಆಟದ ನಿಯಮವನ್ನೇ ಬದಲಿಸುವಂತೆ ಆಡುತ್ತಿದ್ದ ಕಾಲದ ತಮಾಷೆ ಇದು.

2004ರಲ್ಲಿ ತಕೇಶಿ ಚಿನ್ನ ಗೆದ್ದದ್ದೇ ಕೊನೆ. 2005ರ ಎಕ್ಸ್ ಗೇಮ್ಸ್‌ನಲ್ಲಿ ಇನ್‌ಲೈನ್ ಇರಲಿಲ್ಲ. ಅಟ್ಟ ಹತ್ತಿಸಿದವರೇ ಏಣಿ ತೆಗೆದರು.

ಕಾರಣ ಹುಡುಕಿದರೆ ಒಂದೇ ಕಡೆ ಸಿಗುವುದಿಲ್ಲ. ಪಾರ್ಕಿನ ಸ್ಕೇಟಿಂಗ್ ಹುಚ್ಚು 2000ದ ನಂತರ ಇಳಿಯಿತು. ಅದೇ ದುಡ್ಡಲ್ಲಿ ಕಂಬಿಯ ಹುಡುಗರನ್ನು ಸಾಕುತ್ತಿದ್ದ ದೊಡ್ಡ ಕಂಪನಿಗಳು ಕೈ ಬಿಗಿಹಿಡಿದವು. ಸ್ಕೇಟ್‌ಬೋರ್ಡಿನವರಿಗೆ ಮೊದಲಿನಿಂದಲೂ ಇವರನ್ನು ಕಂಡರೆ ಆಗದು. ತಮ್ಮ ರ್‍ಯಾಂಪಿಗೆ ನುಗ್ಗಿದವರು, ಕಂಬಿಗೆ ಮೇಣ ಮೆತ್ತಿ ಹಾಳು ಮಾಡುವವರು ಎಂಬ ದೂರು. ಜೊತೆಗೆ ಗಂಡಸುತನವನ್ನು ಅಣಕಿಸುವ, ಸಲಿಂಗಿಗಳನ್ನು ಹೀಯಾಳಿಸುವ ಕೊಳಕು ಜೋಕುಗಳು ಶಾಲೆಯಂಗಳದವರೆಗೂ ಹೋದವು. ಹದಿಮೂರರ ಹುಡುಗನಿಗೆ ಅಷ್ಟು ಸಾಕು, ಸ್ಕೇಟು ಮಂಚದಡಿ ಸೇರುತ್ತದೆ.

ಇನ್ನೊಂದು ಕಾರಣ ಕಣ್ಣಿಗೆ ಸಂಬಂಧಿಸಿದ್ದು. 1999ರ ಎಕ್ಸ್ ಗೇಮ್ಸ್‌ನಲ್ಲಿ ಟೋನಿ ಹಾಕ್ ಸ್ಕೇಟ್‌ಬೋರ್ಡ್ ಮೇಲೆ 900 ಡಿಗ್ರಿ, ಅಂದರೆ ಎರಡೂವರೆ ಸುತ್ತು ಸುತ್ತಿ ಇಳಿದಾಗ ಲೋಕವೇ ಎದ್ದು ನಿಂತಿತು. ಇನ್‌ಲೈನಿನವರು ಅಷ್ಟು ಹೊತ್ತಿಗಾಗಲೇ 900 ಸುತ್ತುತ್ತಿದ್ದರು, ಯಾರೂ ಏಳಲಿಲ್ಲ. ಬೋರ್ಡು ಕಾಲಿಗೆ ಅಂಟಿಲ್ಲ, ಯಾವಾಗ ಬೇಕಾದರೂ ಕೈಕೊಡಬಹುದು. ಆ ಆತಂಕ ನೋಡುವವನಿಗೂ ಗೊತ್ತಾಗುತ್ತದೆ. ಸ್ಕೇಟು ಕಾಲಿಗೇ ಕಟ್ಟಿದೆ, ಹಾಗಾಗಿ ಸುಲಭವಿರಬೇಕು ಅನಿಸುತ್ತದೆ. ಬಿದ್ದಾಗ ಬೋರ್ಡನ್ನು ಒದ್ದು ಪಾರಾಗಬಹುದು, ಸ್ಕೇಟನ್ನು ಒದೆಯಲಾಗದು ಎಂಬುದು ಟಿವಿಯಲ್ಲಿ ಕಾಣುವುದಿಲ್ಲ.

ಟಿವಿ ಹೋದ ಮೇಲೆ ಉಳಿದದ್ದು ಮತ್ತೆ ವಿಡಿಯೊ. 2006ರಲ್ಲಿ ಈ ಆಟದ ಏಳುಬೀಳಿನ ಬಗ್ಗೆ ಬಂದ ಸಾಕ್ಷ್ಯಚಿತ್ರದ ಹೆಸರು ‘ಬೇರ್ಲಿ ಡೆಡ್’. ಸತ್ತಿದೆಯೋ ಇಲ್ಲವೋ ಎನ್ನುವಂತೆ. ಬಹುಮಾನದ ಹಣ ಇಲ್ಲದ, ಜಾಹೀರಾತು ಇಲ್ಲದ ಆ ವರ್ಷಗಳಲ್ಲಿ ಒಬ್ಬ ಆಟಗಾರನ ಬೆಲೆ ಕಟ್ಟುತ್ತಿದ್ದದ್ದು ಅವನ ‘ಸೆಕ್ಷನ್’. ಒಂದು ಹಾಡಿನಷ್ಟು ಉದ್ದದ ವಿಡಿಯೊ ತುಣುಕು, ಅದಕ್ಕೆ ಒಂದೆರಡು ವರ್ಷದ ಚಿತ್ರೀಕರಣ. ಸೋನಿಯ ವಿಎಕ್ಸ್1000 ಕ್ಯಾಮೆರಾಗೆ ಮೀನುಗಣ್ಣಿನ ಲೆನ್ಸ್ ಸಿಕ್ಕಿಸಿ, ತೆಗೆಯುವವನೂ ಸ್ಕೇಟ್ ಕಟ್ಟಿಕೊಂಡು ಕಂಬಿಯ ಪಕ್ಕದಲ್ಲೇ ಇಳಿಯುತ್ತಾನೆ. ಚಿತ್ರದ ಅಂಚು ಬಾಗಿ, ಹತ್ತು ಮೆಟ್ಟಿಲು ಇಪ್ಪತ್ತರಂತೆ ಕಾಣುತ್ತದೆ. ಮೊದಲು ಗಾಲಿಯ ಗರಗರ, ಹಾರಿದಾಗ ಒಂದು ಕ್ಷಣ ನಿಶ್ಶಬ್ದ, ಪ್ಲಾಸ್ಟಿಕ್ಕು ಕಬ್ಬಿಣಕ್ಕೆ ತಾಗಿದಾಗ ಟಪ್ ಎಂದು, ಆಮೇಲೆ ಉದ್ದಕ್ಕೂ ಸರ್ರ್. ಇಳಿದ ತಕ್ಷಣ ಹಿಂದಿನಿಂದ ಗೆಳೆಯರ ಕೂಗು. ಎಷ್ಟನೆಯ ಪ್ರಯತ್ನವೋ, ಅದನ್ನು ತೋರಿಸುವುದಿಲ್ಲ.

ಸ್ಪರ್ಧೆಗಳನ್ನೂ ಅವರವರೇ ಕಟ್ಟಿಕೊಂಡರು. ಐ ಮ್ಯಾಚ್ ಯುವರ್ ಟ್ರಿಕ್ ಅಸೋಸಿಯೇಷನ್ನಿನ ಪಂದ್ಯಗಳು ನಿಜವಾದ ಬೀದಿಯ ಮೆಟ್ಟಿಲಲ್ಲೇ ನಡೆಯುತ್ತಿದ್ದವು. ನೀನು ಮಾಡಿದ ಪಟ್ಟನ್ನು ನಾನೂ ಮಾಡುತ್ತೇನೆ ಎಂಬುದೇ ಆ ಹೆಸರಿನ ಅರ್ಥ. ಚಿಣ್ಣಿದಾಂಡು ಆಡಿದವರಿಗೆ ಈ ಹಠ ಗೊತ್ತು. ಯುರೋಪಿನಲ್ಲಿ ವಿಂಟರ್‌ಕ್ಲಾಶ್ ಎಂಬ ಸ್ಪರ್ಧೆ ಬೆಳೆದು ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್ ಊರನ್ನು ಆಡುವವರ ಯಾತ್ರಾಸ್ಥಳ ಮಾಡಿತು. ಕ್ಯಾಲಿಫೋರ್ನಿಯಾದ ಸಾಂಟಾ ಅನಾದಲ್ಲಿ ಹಳೆಯ ಆಟಗಾರ ಜಾನ್ ಹೂಲಿಯೊ ಬ್ಲೇಡಿಂಗ್ ಕಪ್ ಶುರು ಮಾಡಿದ, ಮುಂದೆ ‘ದೆಮ್’ ಎಂಬ ತನ್ನದೇ ಸ್ಕೇಟ್ ಕಂಪನಿಯನ್ನೂ. ತೈಗ್ ಕ್ರಿಸ್ ಮಾತ್ರ 2010ರ ಮೇ ತಿಂಗಳಲ್ಲಿ ಐಫೆಲ್ ಗೋಪುರದ ಮೊದಲ ಮಹಡಿಯಿಂದ ಸ್ಕೇಟ್ ಕಟ್ಟಿಕೊಂಡು ಜಿಗಿದ. 12.5 ಮೀಟರ್ ಗಾಳಿಯಲ್ಲಿ ಬಿದ್ದು, ಕೆಳಗೆ ಕಾದಿದ್ದ ರ್‍ಯಾಂಪ್ ಹಿಡಿದ. ಅಂದು ಮಾತ್ರ ಟಿವಿಯವರು ಬಂದಿದ್ದರು.

ನಮ್ಮಲ್ಲಿ ಈ ಆಟ ಬೇರು ಬಿಟ್ಟಿಲ್ಲ. ಕರ್ನಾಟಕದಲ್ಲಿ ಸ್ಕೇಟಿಂಗ್ ಎಂದರೆ ರಿಂಕಿನ ಓಟ, ಇಲ್ಲವೇ ತಗ್ಗಾದ ಕಂಬಿಯ ಕೆಳಗೆ ಮೈ ಬಗ್ಗಿಸಿ ನುಸುಳುವ ಬೆಳಗಾವಿಯ ಮಕ್ಕಳ ಲಿಂಬೊ ದಾಖಲೆಗಳು. ಬೆಂಗಳೂರಿನ ಫುಟ್‌ಪಾತಿನಲ್ಲಿ ನಡೆಯುವುದೇ ಸಾಹಸ ಕ್ರೀಡೆ, ಗಾಲಿ ಬೇರೆ ಕಟ್ಟಿಕೊಳ್ಳಬೇಕೆ!

2020ರ ಲಾಕ್‌ಡೌನಿನಲ್ಲಿ ಸ್ಕೇಟುಗಳು ಮತ್ತೆ ಮಾರಾಟವಾದವು, ನಲವತ್ತು ದಾಟಿದ ಹಳಬರು ಮಂಚದಡಿಯ ಬೂಟು ಎಳೆದರು. ಅದೇ ಹೊತ್ತಿಗೆ ಸ್ಕೇಟ್‌ಬೋರ್ಡ್ ಟೋಕಿಯೊ ಒಲಿಂಪಿಕ್ಸಿಗೆ ಹೋಯಿತು. ಅದು ಯಾರ ಚೀಟಿ ಹಿಡಿದು ಹೋಯಿತು ಎನ್ನುವುದು ಕಡಿಮೆ ಜನಕ್ಕೆ ಗೊತ್ತು. ಸ್ಕೇಟ್‌ಬೋರ್ಡನ್ನು ಒಲಿಂಪಿಕ್ಸಿನಲ್ಲಿ ನಡೆಸುವ ವರ್ಲ್ಡ್ ಸ್ಕೇಟ್ ಸಂಸ್ಥೆಯ ಬೇರು 1924ರಲ್ಲಿ ಹುಟ್ಟಿದ ರೋಲರ್ ಸ್ಕೇಟಿಂಗ್ ಒಕ್ಕೂಟದಲ್ಲಿದೆ. 2017ರಲ್ಲಿ ಸ್ಕೇಟ್‌ಬೋರ್ಡಿನ ಒಕ್ಕೂಟ ಅದರೊಳಗೆ ಸೇರಿಕೊಂಡಿತು. ಮನೆ ಗಾಲಿಬೂಟಿನವರದು, ಮದುವೆ ಬೋರ್ಡಿನವರದು. ಗಾಲಿಬೂಟಿನವರಿಗೆ ‘ರೋಲರ್ ಫ್ರೀಸ್ಟೈಲ್’ ಹೆಸರಿನಲ್ಲಿ ಪ್ರತ್ಯೇಕ ವಿಶ್ವ ಚಾಂಪಿಯನ್‌ಶಿಪ್ ಇದೆ. 2028ರ ಒಲಿಂಪಿಕ್ಸ್ ಲಾಸ್ ಏಂಜಲೀಸಿನಲ್ಲಿ. ಅದರ ಪಟ್ಟಿಯಲ್ಲಿ ಸ್ಕೇಟ್‌ಬೋರ್ಡ್ ಇದೆ, ಇನ್‌ಲೈನ್ ಇಲ್ಲ. ಸಾಂಟಾ ಅನಾ ಅಲ್ಲಿಂದ ಕಾರಿನಲ್ಲಿ ಒಂದು ಗಂಟೆಯ ದಾರಿ.