ಭ್ರೂಣದ ತದ್ರೂಪು: ಲೆಕ್ಕಕ್ಕೆ ಸಿಗದ ಅಂಡಾಣು

ಕ್ಲೋನಿಂಗ್, ಅಂದರೆ ತದ್ರೂಪು ಮಾಡುವುದು, ಅಂದ ಕೂಡಲೇ ಒಂದೇ ಮುಖದ ಮನುಷ್ಯರ ಸಾಲು ಕಣ್ಣಮುಂದೆ ಬರುತ್ತದೆ, ಅಲ್ವಾ? ಭ್ರೂಣ ಸಂಶೋಧನೆಯ ಪ್ರಯೋಗಾಲಯದಲ್ಲಿ ನಡೆಯುವುದು ಬೇರೆ. ಸೂಕ್ಷ್ಮದರ್ಶಕದ ಕೆಳಗೆ ಒಂದು ಅಂಡಾಣು ಇರುತ್ತದೆ. ಅದರ ಅಗಲ ಸುಮಾರು 0.1 ಮಿಲಿಮೀಟರ್. ಗಾಜಿನ ಕೊಳವೆಯೊಂದು ಅದನ್ನು ಮೆಲ್ಲಗೆ ಹೀರಿ, ಅಲುಗಾಡದಂತೆ ಹಿಡಿದಿರುತ್ತದೆ. ಎದುರು ಬದಿಯಿಂದ ಸಪೂರ ಸೂಜಿ ಒಳಹೊಕ್ಕು ಅಂಡಾಣುವಿನ ಸ್ವಂತ ಡಿಎನ್‌ಎ ತೆಗೆಯುತ್ತದೆ. ಆ ಜಾಗಕ್ಕೆ ರೋಗಿಯ ಚರ್ಮದ ಕೋಶದ ನ್ಯೂಕ್ಲಿಯಸ್, ಅಂದರೆ ಡಿಎನ್‌ಎ ತುಂಬಿರುವ ಭಾಗ, ಸೇರಿಸುತ್ತಾರೆ. ಎಲ್ಲ ಸರಿಹೋದರೆ ಐದಾರು ದಿನಗಳಲ್ಲಿ ಒಳಗೆ ಟೊಳ್ಳಾದ, ಕೋಶಗಳ ಪುಟ್ಟ ಗುಂಡು ಸಿಗುತ್ತದೆ. ಅದರಿಂದ ರೋಗಿಯದೇ ಡಿಎನ್‌ಎ ಇರುವ ಆಕರಕೋಶ (ಸ್ಟೆಮ್ ಸೆಲ್, ದೇಹದ ಬೇರೆ ಬೇರೆ ಕೋಶಗಳಾಗಬಲ್ಲ ಮೂಲಕೋಶ) ಬೆಳೆಸಬಹುದು. ಮುಂದೆ ಅದರಿಂದ ನರವನ್ನೋ ಹೃದಯದ ಕೋಶವನ್ನೋ ಮಾಡಿಕೊಟ್ಟರೆ ದೇಹ ಅದನ್ನು ಹೊರಗಿನದು ಎಂದು ದೂಡುವುದಿಲ್ಲ ಎಂಬುದು ಆಸೆ.

1952ರಲ್ಲಿ ಕಪ್ಪೆಯಿಂದ ಶುರುವಾದ ಈ ವಿದ್ಯೆ 1996ರಲ್ಲಿ ಡಾಲಿ ಕುರಿಯವರೆಗೆ ಬಂತು. 277 ಅಂಡಾಣುಗಳಿಗೆ ನ್ಯೂಕ್ಲಿಯಸ್ ಸೇರಿಸಿದಾಗ ಹುಟ್ಟಿದ್ದು ಒಂದೇ ಮರಿ. 1998ರಲ್ಲಿ ಅಮೆರಿಕದ ವಿಜ್ಞಾನಿ ಜೇಮ್ಸ್ ಥಾಮ್ಸನ್ ಮನುಷ್ಯ ಭ್ರೂಣದಿಂದ ಆಕರಕೋಶ ಬೆಳೆಸಿದರು. ಎರಡೂ ದಾರಿ ಕೂಡಿದವು, ಜಗಳವೂ ಜೋರಾಯಿತು.

ಜಗಳವೆಲ್ಲ ಭ್ರೂಣದ ಸುತ್ತಲೇ ನಡೆಯಿತು. ಭ್ರೂಣ ಯಾವಾಗಿನಿಂದ ಮನುಷ್ಯ? ಬ್ರಿಟನ್‌ನ ವಾರ್ನಾಕ್ ಸಮಿತಿ 1984ರಲ್ಲೇ ಭ್ರೂಣದ ಮೇಲಿನ ಸಂಶೋಧನೆಗೆ 14 ದಿನದ ಗೆರೆ ಎಳೆದಿತ್ತು. ಭ್ರೂಣದಲ್ಲಿ ದೇಹದ ನಡುಗೆರೆಯ ಮೊದಲ ಗುರುತು ಮೂಡುವುದೇ ಸುಮಾರು ಆ ಹೊತ್ತಿಗೆ. 2001ರಲ್ಲಿ ಅದೇ ದೇಶ ಚಿಕಿತ್ಸೆಯ ಸಂಶೋಧನೆಗಾಗಿ ಭ್ರೂಣದ ತದ್ರೂಪು ಮಾಡಲು ಅವಕಾಶ ಕೊಟ್ಟಿತು, ಅದರಿಂದ ಮಗು ಹುಟ್ಟಿಸುವುದನ್ನು ನಿಷೇಧಿಸಿತು. 2005ರ ಮಾರ್ಚ್‌ನಲ್ಲಿ ವಿಶ್ವಸಂಸ್ಥೆ ಎಲ್ಲ ಬಗೆಯ ಮಾನವ ಕ್ಲೋನಿಂಗ್ ವಿರುದ್ಧ ಘೋಷಣೆ ಹೊರಡಿಸಿತು. ಪರ 84, ವಿರೋಧ 34, ತಟಸ್ಥ 37. ಯಾವ ದೇಶವೂ ಅದಕ್ಕೆ ಕಟ್ಟುಬೀಳಬೇಕಿರಲಿಲ್ಲ.

ಇಷ್ಟೆಲ್ಲ ಮಾತಿನ ನಡುವೆ ಒಂದು ಸಣ್ಣ ಪ್ರಶ್ನೆ ಹಿಂದೆ ಉಳಿಯಿತು. ಅಂಡಾಣು ಬರುವುದು ಎಲ್ಲಿಂದ?

ಅದು ಸುಮ್ನೆ ಸಿಗುವುದಿಲ್ಲ. ಮಹಿಳೆ ಸುಮಾರು ಹತ್ತು ದಿನ ಹಾರ್ಮೋನ್ ಚುಚ್ಚುಮದ್ದು ತೆಗೆದುಕೊಳ್ಳಬೇಕು. ಆಮೇಲೆ ಯೋನಿಯ ಮೂಲಕ ಸೂಜಿ ಹಾಕಿ ಅಂಡಾಣು ಹೀರಿ ತೆಗೆಯುತ್ತಾರೆ. ಕೆಲವರಿಗೆ ಅಂಡಾಶಯ ಊದಿಕೊಂಡು ಹೊಟ್ಟೆಯಲ್ಲಿ ನೀರು ತುಂಬುತ್ತದೆ. ಅಪರೂಪಕ್ಕೆ ಅದು ಜೀವಕ್ಕೇ ಕುತ್ತು ತರುತ್ತದೆ. ಇಷ್ಟು ಕಷ್ಟಪಟ್ಟವರಿಗೆ ಅದರಿಂದ ಯಾವ ಚಿಕಿತ್ಸೆಯೂ ಇಲ್ಲ, ಮಗುವೂ ಇಲ್ಲ.

ಈ ಪ್ರಶ್ನೆ ಎದುರಿಗೆ ಬಂದು ನಿಂತದ್ದು ದಕ್ಷಿಣ ಕೊರಿಯಾದಲ್ಲಿ. 2004ರಲ್ಲಿ ಅಲ್ಲಿನ ತಂಡವೊಂದು 242 ಅಂಡಾಣು ಬಳಸಿ ತದ್ರೂಪು ಭ್ರೂಣದಿಂದ ಒಂದು ಆಕರಕೋಶ ಸಾಲು (ಒಂದೇ ಮೂಲದಿಂದ ಬೆಳೆಯುತ್ತಲೇ ಹೋಗುವ ಕೋಶಗಳ ಗುಂಪು) ಪಡೆದಿದ್ದಾಗಿ ಹೇಳಿತು. ಮರುವರ್ಷ 185 ಅಂಡಾಣುಗಳಿಂದ 11 ಸಾಲು ಎಂದಿತು. ಗಾಲಿಕುರ್ಚಿಯಲ್ಲಿದ್ದವರು ಎದ್ದು ನಡೆಯುವ ಕನಸು ಕಂಡರು. ಕಾಗದದ ಮೇಲೆ ಅಂಡಾಣುವಿನ ಖರ್ಚು ಅಷ್ಟು ಬೇಗ ಇಳಿದಿತ್ತು. 2005ರ ಕೊನೆಗೆ ಒಂದೊಂದೇ ಹೊರಬಿತ್ತು. ಅಂಡಾಣು ಕೊಟ್ಟವರಲ್ಲಿ ಕೆಲವರಿಗೆ ಹಣ ಸಂದಿತ್ತು. ಅದೇ ಪ್ರಯೋಗಾಲಯದ ಕಿರಿಯ ಸಂಶೋಧಕಿಯರೂ ಕೊಟ್ಟಿದ್ದರು. ತಮ್ಮ ಕೆಲಸದ ಮೇಲಿನವರಿಗೆ ಅವರು ಇಲ್ಲ ಎನ್ನುವುದು ಎಷ್ಟು ಸುಲಭವಿತ್ತು? 2006ರ ಜನವರಿಯಲ್ಲಿ ಸೋಲ್ ರಾಷ್ಟ್ರೀಯ ವಿಶ್ವವಿದ್ಯಾಲಯದ ತನಿಖೆ ಮುಗಿಯಿತು. ತದ್ರೂಪು ಭ್ರೂಣದಿಂದ ಬಂದ ಒಂದೂ ಆಕರಕೋಶ ಸಾಲು ಅಲ್ಲಿರಲಿಲ್ಲ. ಖರ್ಚಾಗಿದ್ದ ಅಂಡಾಣುಗಳು ಮಾತ್ರ 2,000ಕ್ಕೂ ಜಾಸ್ತಿ. ಪತ್ರಿಕೆಯಲ್ಲಿ ಬಂದ ಲೇಖನಗಳನ್ನು ಹಿಂದಕ್ಕೆ ಪಡೆಯಲಾಯಿತು. ತೆಗೆದ ಅಂಡಾಣುವನ್ನು ಹಾಗೆ ಹಿಂದಕ್ಕೆ ಕೊಡಲಾಗದು.

ಅದೇ 2006ರಲ್ಲಿ ಜಪಾನಿನ ವಿಜ್ಞಾನಿ ಶಿನ್ಯಾ ಯಮನಾಕ ಇಲಿಯ ಚರ್ಮದ ಕೋಶಕ್ಕೆ ನಾಲ್ಕು ಜೀನ್ ಸೇರಿಸಿ ಆಕರಕೋಶದಂಥದ್ದನ್ನು ಮಾಡಿದರು. ಮರುವರ್ಷ ಮನುಷ್ಯನ ಕೋಶದಲ್ಲೂ ಆಯಿತು. ಅಂಡಾಣು ಬೇಡ, ಭ್ರೂಣವೂ ಬೇಡ. ಹೆಚ್ಚಿನ ಪ್ರಯೋಗಾಲಯಗಳು ಅತ್ತ ಹೊರಳಿದವು.

ಹಳೆಯ ದಾರಿ ಮುಚ್ಚಲಿಲ್ಲ. 2013ರಲ್ಲಿ ಅಮೆರಿಕದ ಆರೆಗಾನ್‌ನಲ್ಲಿ ಶೌಖ್ರತ್ ಮಿತಾಲಿಪೋವ್ ಅವರ ತಂಡ ತದ್ರೂಪು ಮಾನವ ಭ್ರೂಣದಿಂದ ಆಕರಕೋಶ ಪಡೆಯಿತು. ಅಂಡಾಣು ಅವಧಿಗೆ ಮೊದಲೇ ಚುರುಕಾಗದಂತೆ ತಡೆದದ್ದು ಕಾಫಿಯಲ್ಲಿರುವ ಅದೇ ಕೆಫೀನ್. 2025ರಲ್ಲಿ ಅದೇ ರಾಜ್ಯದಿಂದ ಇನ್ನೊಂದು ಸುದ್ದಿ ಬಂತು. ಚರ್ಮದ ಕೋಶದ ನ್ಯೂಕ್ಲಿಯಸ್‌ನಿಂದ, ಫಲವತ್ತಾಗಬಲ್ಲ ಅಂಡಾಣುವನ್ನೇ ಮಾಡುವ ಮೊದಲ ಹೆಜ್ಜೆಯನ್ನು ಅಲ್ಲಿನ ವಿಜ್ಞಾನಿಗಳು ಇಟ್ಟಿದ್ದರು. ಆ ನ್ಯೂಕ್ಲಿಯಸ್ ಇಡುವುದಕ್ಕೆ ಅಲ್ಲೂ ಬೇಕಾದದ್ದು ದಾನಿಯೊಬ್ಬಳ ಅಂಡಾಣು.